ಕೋಲ್ಡ್ ಸ್ಟೋರೇಜಿನ ಸಂದಿಯಲ್ಲಿ ಹನ್ನೆರಡು ಗಾಜಿನ ಕೊಳವೆ

ಮೊದಲು ಖರ್ಚು ಹೇಳಿಬಿಡುತ್ತೇನೆ. ಒಂದು ಹೊಸ ವಾಲ್ವ್. ಅದು ಹುಬ್ಬಳ್ಳಿಯಿಂದ ಬರುವ ತನಕ ನಾಲ್ಕು ದಿನ ಎರಡನೇ ಚೇಂಬರ್ ಬಂದ್. ಇಬ್ಬರು ವ್ಯಾಪಾರಿಗಳು ನನ್ನ ಮೇಲಿನ ಭರವಸೆ ಬಿಟ್ಟು ಎತ್ತಿಕೊಂಡು ಹೋದ ಮೆಣಸಿನಕಾಯಿ ಚೀಲಗಳು ನೂರಾ ಎಂಬತ್ತು. ಅವು ನನ್ನ ಕಣ್ಣೆದುರಿಗೇ ರಸ್ತೆಯಾಚೆಯ ಇನ್ನೊಂದು ಸ್ಟೋರೇಜಿಗೆ ಹೋದವು. ಇಷ್ಟೆಲ್ಲ ಯಾತಕ್ಕೆ ಅಂದರೆ, ಹೆಬ್ಬೆರಳ ಗಾತ್ರದ ಹನ್ನೆರಡು ಗಾಜಿನ ಕೊಳವೆಗಳಲ್ಲಿದ್ದ ನೀರು ಹೆಪ್ಪುಗಟ್ಟಬೇಕಾದ ರೀತಿಯಲ್ಲಿ ಹೆಪ್ಪುಗಟ್ಟಲಿಲ್ಲ. ವ್ಯಾಪಾರ ಮಾಡುವವನು ಇಂಥ ಲೆಕ್ಕವನ್ನು ಮುಚ್ಚಿಡುತ್ತಾನೆ. ನಾನು ಬಿಚ್ಚಿ ಹೇಳುತ್ತಿದ್ದೇನೆ, ಯಾಕೆಂದರೆ ಇಷ್ಟು ಅಗ್ಗದಲ್ಲಿ ನಾನು ಬೇರೇನನ್ನೂ ಕಲಿತಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಬ್ಯಾಡಗಿಯಲ್ಲಿ ನನ್ನದೊಂದು ಕೋಲ್ಡ್ ಸ್ಟೋರೇಜು. ಮೂರು ಚೇಂಬರ್, ಒಂದೊಂದರಲ್ಲೂ ಕಟ್ಟಿಗೆಯ ಪಟ್ಟಿ ಬಡಿದ ನಾಲ್ಕು ಅಂತಸ್ತು, ಮೇಲೆ ಅಮೋನಿಯಾ ಹರಿಯುವ ತಣ್ಣನೆಯ ಪೈಪುಗಳ ಸಾಲು. ಅದಕ್ಕೆ ನಾವು ಕಾಯಿಲ್ ಅನ್ನುತ್ತೇವೆ. ಒಳಗೆ ವರ್ಷವಿಡೀ ಆರು ಡಿಗ್ರಿ. ಯುಗಾದಿ ಕಳೆದು ಮಾಲು ತುಂಬಿ ಮುಗಿದಿತ್ತು. ಬಾಗಿಲು ಹಾಕಿಕೊಂಡು ಆರಾಮಾಗಿ ಕೂರುವ ಕಾಲ.

ಮೇ ತಿಂಗಳ ಮೊದಲ ವಾರ ರಾಣೆಬೆನ್ನೂರಿನಿಂದ ಒಬ್ಬ ಮಾಸ್ತರು ಮಗಳೊಂದಿಗೆ ಬಂದರು. ಅವರು ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಮಗಳು ಧಾರವಾಡದಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು, ಮೂರು ವರ್ಷ ಮುಗಿದಿತ್ತು.

"ಎಷ್ಟ ಚೀಲ ಅದಾವ್ರಿ ಮಾಸ್ತರ?" ಅಂದೆ.

"ಚೀಲ ಇಲ್ರಿ ಸಾವ್ಕಾರ್ರ," ಎಂದಳು ಮಗಳು. ಪರ್ಸಿನಿಂದ ಗಾಜಿನ ಕೊಳವೆಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟಳು. "ಇಂಥಾವ ಹನ್ನೆರಡ. ಮೂರ ವಾರ ಇಡಬೇಕು."

"ಇಷ್ಟಕ್ಕ ಇಡೀ ಸ್ಟೋರೇಜ್ ಯಾಕ್ರಿ ಅಕ್ಕೋರ? ನಿಮ್ಮ ಕಾಲೇಜಿನ್ಯಾಗ ಫ್ರಿಜ್ ಇಲ್ಲೇನು?"

"ಫ್ರಿಜ್ ಐತ್ರಿ. ಕರೆಂಟ್ ಇಲ್ಲ."

ಆ ಬೇಸಿಗೆಯ ಲೋಡ್ ಶೆಡ್ಡಿಂಗ್ ಕಂಡವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ನನ್ನಲ್ಲಿ ಡೀಸೆಲ್ ಜನರೇಟರ್ ಇತ್ತು. ಸುತ್ತಮುತ್ತ ಹಗಲೂ ರಾತ್ರಿ ಒಂದೇ ತಂಪು ಇರುವ ಜಾಗ ಅಂದರೆ ಮೆಣಸಿನಕಾಯಿ ಇಡುವ ಜಾಗ ಮಾತ್ರ ಎಂದು ಅವಳು ಲೆಕ್ಕ ಹಾಕಿ ಬಂದಿದ್ದಳು. ಹುಡುಗಿ ಚುರುಕು ಅನ್ನಿಸಿತು.

ಬಾಡಿಗೆಯ ಮಾತು ಬಂತು. ತಂದೆ ಮಗಳು ತಮ್ಮ ತಮ್ಮಲ್ಲೇ ಉರ್ದುವಿನಲ್ಲಿ ಮಾತಾಡಿಕೊಂಡರು. ಐದು ಚೀಲದ ಬಾಡಿಗೆ ಕೇಳಿದರೂ ಕೊಟ್ಟುಬಿಡೋಣ ಅಬ್ಬಾ, ಬೇರೆ ಜಾಗವೇ ಇಲ್ಲ ಎಂದಳು ಮಗಳು. ನಾನು ಕಿಟಕಿಯ ಕಡೆ ನೋಡುತ್ತ ಕುಳಿತಿದ್ದೆ. ಹಾವೇರಿಯ ದನದ ಸಂತೆಯಲ್ಲಿ ದಲಾಲಿ ಮಾಡಿ ಮೇಲೆ ಬಂದವನು ನಾನು. ಉರ್ದು ತಿಳಿಯದಿದ್ದರೆ ಅಲ್ಲಿ ನನ್ನ ಕೈಯಿಂದ ಒಂದು ಎತ್ತೂ ದಾಟುತ್ತಿರಲಿಲ್ಲ.

"ಐದ ಚೀಲದ ಬಾಡಿಗಿ ಆಗತೈತಿ ನೋಡ್ರಿ," ಅಂದೆ.

ಮಾಸ್ತರು ನನ್ನ ಮುಖ ನೋಡಿ ನಕ್ಕುಬಿಟ್ಟರು. "ಉರ್ದು ಬರತೈತಿ ಅಂತ ಮೊದಲ ಹೇಳಬಾರದೇನ್ರಿ?"

"ಹೇಳಿದ್ರ ನೀವು ಆ ಮಾತು ಆಡ್ತಿದ್ರೇನು?"

ಓದುವವರು ಇದನ್ನೂ ಗುರುತು ಹಾಕಿಕೊಳ್ಳಿ: ಕೊಳ್ಳಲು ಹೋದ ಅಂಗಡಿಯಲ್ಲಿ ಯಾವ ಭಾಷೆಯಲ್ಲೂ ಗುಟ್ಟು ಮಾತಾಡಬಾರದು.

ಐದು ಚೀಲದ ಬಾಡಿಗೆ ಹಿಡಿದೆನಾದರೂ ಐದು ಚೀಲದ ಜಾಗ ಕೊಡಲಿಲ್ಲ. ಥಪ್ಪಿ ಹಾಕಿದ ಚೀಲಗಳ ನಡುವೆ ಒಂದು ಮೂಟೆಯೂ ಹಿಡಿಸದ ಸಂದಿಗಳು ಉಳಿಯುತ್ತವೆ. ಎರಡನೇ ಚೇಂಬರಿನ ಕೆಳ ಅಂತಸ್ತಿನಲ್ಲಿ ಅಂಥ ನಾಲ್ಕು ಸಂದಿ ಆರಿಸಿದೆ: ಒಂದು ಬಾಗಿಲ ಬಳಿ, ಒಂದು ಕಾಯಿಲ್‌ನ ನೇರ ಕೆಳಗೆ, ಒಂದು ಪೈಪು ಒಳಬರುವ ಕಂಬದ ಪಕ್ಕ, ಒಂದು ದೂರದ ಹಿಂಗೋಡೆಗೆ. ಒಂದೊಂದರಲ್ಲಿ ಮೂರು ಕೊಳವೆ. ನನಗೆ ಕವಡೆ ಖರ್ಚಿಲ್ಲ.

"ಒಳಗೆಲ್ಲಾ ಒಂದ ಟೆಂಪರೇಚರ್ ಹೌದಲ್ರಿ? ಹಂಗಿದ್ರ ಎಲ್ಲಿಟ್ರೂ ಅಷ್ಟ," ಎಂದು ಅವಳೂ ಒಪ್ಪಿದಳು. ಆ ಒಂದು ಮಾತಿನಲ್ಲಿ ಇಬ್ಬರೂ ತಪ್ಪಿದೆವು.

ಇನ್ನೊಂದು ಷರತ್ತು ಹಾಕಿದೆ. "ಗೊತ್ತಿಲ್ಲದ ಮಾಲು ನಾ ಇಟ್ಕೊಳ್ಳೂದಿಲ್ಲ. ಒಳಗ ಏನೈತಿ ಅಂತ ನನಗ ತಿಳಿಯೂ ಹಂಗ ಹೇಳಬೇಕು."

ಅವಳು ಹೇಳಿದಳು. ಅಮೈನೊ ಆಮ್ಲ ಅಂತ ಇರುತ್ತವೆ, ಬೇಳೆಯಲ್ಲಿ, ಹಾಲಿನಲ್ಲಿ, ನಮ್ಮ ಮೈಯಲ್ಲಿ. ಅವನ್ನು ಸರದ ಮಣಿಗಳಂತೆ ಪೋಣಿಸಿದರೆ ಅದು ಪೆಪ್ಟೈಡ್. ಇವಳು ಹದಿನಾರು ಮಣಿಗಳ ಒಂದು ಸರವನ್ನು ಕೈಯಾರೆ ಕಟ್ಟಿದ್ದಳು. ರವೆಯಂಥ ರಾಳದ ಕಣಗಳಿಗೆ ಮೊದಲ ಅಮೈನೊ ಆಮ್ಲವನ್ನು ಅಂಟಿಸುವುದು. ಎರಡನೆಯದು ತಪ್ಪು ತುದಿಯಲ್ಲಿ ಸೇರದಂತೆ ಅದಕ್ಕೆ ಟೊಪ್ಪಿಗೆ ಹಾಕಿರುತ್ತಾರೆ. ಅದು ಸೇರಿದ ಮೇಲೆ ತೊಳೆಯುವುದು, ಟೊಪ್ಪಿಗೆ ತೆಗೆಯುವುದು, ಮತ್ತೆ ತೊಳೆಯುವುದು, ಮೂರನೆಯದನ್ನು ಬಿಡುವುದು. ಪ್ರತಿ ಸಲವೂ ನಾಲ್ಕು ಕಣ ತೆಗೆದು ಔಷಧ ಹಾಕಿ ಬಿಸಿ ಮಾಡಿ ನೋಡಬೇಕು. ನೀಲಿ ಬಂದರೆ ಎಲ್ಲೋ ಸೇರಿಲ್ಲ ಎಂದರ್ಥ. ಹೀಗೆ ಹದಿನಾರು ಸುತ್ತು. ಕೊನೆಗೆ ಉಗ್ರ ಆಮ್ಲದಲ್ಲಿ ರಾಳದಿಂದ ಬಿಡಿಸಿ, ತಣ್ಣನೆಯ ಈಥರಿನಲ್ಲಿ ಹಾಕಿದರೆ ಬಿಳಿ ಪುಡಿ ಕೆಳಗಿಳಿಯುತ್ತದೆ. ಎರಡು ಸಲ ಹನ್ನೊಂದನೇ ಮಣಿಯಲ್ಲೇ ಕೆಟ್ಟಿತ್ತಂತೆ. ಮೂರು ವರ್ಷದ ದುಡಿಮೆಯೆಲ್ಲ ಒಂದು ಔಷಧದ ಸೀಸೆಯ ತಳದಲ್ಲಿತ್ತು, ಚಮಚದ ತುದಿಯಷ್ಟು.

"ಇದನ್ನ ನೀರಾಗ ಹಾಕಿದ್ರ ಏನಾಗತೈತ್ರಿ?"

"ಏನೂ ಆಗೂದಿಲ್ಲ. ಅದ ನನ್ನ ತ್ರಾಸು."

ಆಗಬೇಕಾದದ್ದು ಇಷ್ಟು. ಆ ಸರಕ್ಕೆ ಒಂದು ಮಗ್ಗುಲು ನೀರಿಗೆ ಒಗ್ಗುತ್ತದೆ, ಇನ್ನೊಂದು ಮಗ್ಗುಲು ಎಣ್ಣೆಯಂತೆ ನೀರನ್ನು ದೂರ ಇಡುತ್ತದೆ. ಒಗ್ಗುವ ಮಗ್ಗುಲಲ್ಲಿ ಎರಡು ಬಗೆಯ ವಿದ್ಯುತ್ತಿನ ಮಣಿಗಳಿವೆ, ಒಂದನ್ನೊಂದು ಸೆಳೆಯುವಂಥವು. ಸರಿಯಾದ ಹದ ಸಿಕ್ಕರೆ ಸರಗಳು ತಾವಾಗಿಯೇ ಒಂದರ ಪಕ್ಕ ಒಂದು ನಿಂತು, ಪಟ್ಟಿಯಾಗಿ, ಪಟ್ಟಿ ಸುತ್ತಿ ಎಳೆಯಾಗಿ, ಎಳೆಗಳು ಹೆಣೆದು ನೀರನ್ನೇ ಹಿಡಿದು ನಿಲ್ಲಿಸುತ್ತವೆ. ಹೆಪ್ಪು ಅಂದರೆ ಅದೇ. ಯಾರೂ ಜೋಡಿಸುವುದಿಲ್ಲ. ಸರವನ್ನು ಮನುಷ್ಯ ಕಟ್ಟುತ್ತಾನೆ, ಚಾಪೆಯನ್ನು ಸರಗಳೇ ನೇಯ್ದುಕೊಳ್ಳುತ್ತವೆ. ಆದರೆ ಆಮ್ಲದಲ್ಲಿ ಬಿಡಿಸಿದ ಪುಡಿಯಾದ್ದರಿಂದ ನೀರು ಹುಳಿಯಾಗಿರುತ್ತದೆ; ಹುಳಿಯಲ್ಲಿ ಒಂದು ಬಗೆಯ ಮಣಿಗಳ ವಿದ್ಯುತ್ತು ಅಡಗಿಬಿಡುತ್ತದೆ. ಉಳಿದವು ಪರಸ್ಪರ ತಳ್ಳಾಡುತ್ತವೆ.

"ತಡೀರಿ," ಅಂದೆ. "ನಮ್ಮ ದನದ ಸಂತ್ಯಾಗ ಟವೆಲ್ಲಿನ ಕೆಳಗ ಕೈ ಹಿಡದು ರೇಟ್ ಕಟ್ತೇವಿ. ಯಾರೂ ಕೂಗೂದಿಲ್ಲ, ಯಾರೂ ಹುಕುಂ ಕೊಡೂದಿಲ್ಲ, ಸಂಜಿಗೆ ಸಾವಿರ ಜೋಡಿ ಕೂಡಿರತಾವ. ನಿಮ್ಮ ಹುಳಿ ನೀರಾಗ ಅರ್ಧ ಮಂದಿ ಕೈ ಕಿಸೇದಾಗ ಇಟ್ಕೊಂಡ ನಿಂತಾರ ಅನ್ರಿ."

ಅವಳು ನೋಟ್‌ಬುಕ್ ತೆಗೆದು ಅದನ್ನು ಬರೆದುಕೊಂಡಳು. "ಖರೇ ಹಂಗ. ಹುಳಿ ಕಳದ್ರ ಕೈ ಹೊರಗ ಬರತಾವ. ಒಮ್ಮೆಲೆ ಕಳದ್ರ ಎಲ್ಲಾರೂ ಒಮ್ಮೆಲೆ ಕೈ ಚಾಚಿ ನೂಕ್ಯಾಡತಾರ, ಗಡ್ಡಿ ಕಟ್ಟತೈತಿ. ಧಾರವಾಡದಾಗ ಹಂಗ ಆತು. ಸಾವಕಾಶ ಆಗಬೇಕು."

ಅವಳ ಯೋಜನೆ: ಹುಳಿಯನ್ನು ಅರ್ಧದಷ್ಟು ಕಳೆದು, ಉಳಿದದ್ದನ್ನು ತಂಪಿಗೂ ನಿಶ್ಚಲತೆಗೂ ಬಿಡುವುದು. ಜೂನ್ ಕೊನೆಗೆ ಬೆಂಗಳೂರಿನ ದೊಡ್ಡ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಲು ಅವಳಿಗೆ ಒಂದು ದಿನ ಸಿಕ್ಕಿತ್ತು. ಅಷ್ಟರೊಳಗೆ ಹೆಪ್ಪು ತೋರಿಸದಿದ್ದರೆ ವಿಷಯವನ್ನೇ ಬದಲಿಸು ಎಂದು ಅವಳ ಮಾರ್ಗದರ್ಶಕರು ಹೇಳಿಬಿಟ್ಟಿದ್ದರು. ವಿಷಯ ಬದಲಾದರೆ ಮೂರು ವರ್ಷ ನೀರಿಗೆ. ಹೊಸದಾಗಿ ಶುರು ಮಾಡಲು ವಿದ್ಯಾರ್ಥಿವೇತನ ಉಳಿದಿರಲಿಲ್ಲ.

ಕೊಳವೆಗಳ ಬಾಯಿಗೆ ರಬ್ಬರ್ ಬಿರಡೆ ನಾಲ್ಕೇ ಸಿಕ್ಕಿದ್ದವು. ಉಳಿದ ಎಂಟಕ್ಕೆ ಹತ್ತಿ ತುರುಕಿದಳು. ಅವಳ ನೋಟ್‌ಬುಕ್ಕಿನಲ್ಲಿ ಕೊಳವೆಯ ನಂಬರು, ಒಳಗಿನ ಮಾಲಿನ ವಿವರ. ನನ್ನ ರಿಜಿಸ್ಟರಿನಲ್ಲಿ ಪ್ರತಿ ನಂಬರಿನ ಮುಂದೆ ಚೇಂಬರು, ಅಂತಸ್ತು, ಸಂದಿ. ಹನ್ನೆರಡು ಕೊಳವೆಗೆ ಹನ್ನೆರಡು ಸಾಲು ತುಂಬುವಾಗ ಗುಮಾಸ್ತ ನನ್ನನ್ನು ಒಂದು ತರಹ ನೋಡಿದ. ಮಾಲು ಚೀಲವಿರಲಿ, ಚಿಟಿಕೆಯಿರಲಿ, ನಿಯಮ ಒಂದೇ.

ಮೂರು ವಾರ ಕಳೆದು ಹಮಾಲರ ಸರದಾರ ಎಲ್ಲ ಕೊಳವೆಗಳನ್ನೂ ಒಂದೇ ಬುಟ್ಟಿಯಲ್ಲಿ ಹೊರತಂದ. ನಾಲ್ಕು ಒಡೆದ ಹಾಲಿನಂತಿದ್ದವು. ಆರು ಬರೀ ನೀರು. ಎರಡು ಮಾತ್ರ ಎಳನೀರಿನ ಎಳೆಗಂಜಿಯಂತೆ ತಿಳಿಯಾಗಿ ನಿಂತಿದ್ದವು. ನಾನು ಎರಡಾದರೂ ಆದವಲ್ಲ ಅಂದೆ. ಅವಳು ತಲೆ ಅಲ್ಲಾಡಿಸಿದಳು.

"ಯಾಕ ಆತು ಅಂತ ಗೊತ್ತಿಲ್ಲದ್ದು ಆಗಿದ್ದಕ್ಕ ಲೆಕ್ಕ ಇಲ್ರಿ. ಮತ್ತೊಮ್ಮೆ ಮಾಡಂದ್ರ ಏನ್ ಮಾಡ್ಲಿ?"

ರಬ್ಬರ್ ಹಾಕಿದ ನಾಲ್ಕೂ ನೀರಾಗಿಯೇ ಉಳಿದದ್ದನ್ನು ಅವಳು ಗಮನಿಸಿದ್ದಳು. ಬಾಯಿ ಬಿಗಿದ ಕೊಳವೆಯಲ್ಲಿ ನೀರು ಆರದೆ ತೆಳುವಾಗಿಯೇ ಉಳಿಯಿತು ಎಂದು ತರ್ಕ ಮಾಡಿದಳು. ಒಡೆದದ್ದಕ್ಕೆ ಕಾರಣ ಕೆಳ ಅಂತಸ್ತಿನ ಓಡಾಟ, ಚೀಲ ಇಳಿಸುವ ಅದುರು ಎಂದು ತೀರ್ಮಾನವಾಯಿತು. ಸರದಾರನಿಗೆ ಸಿಟ್ಟು ಬಂತು.

"ನಮ್ಮ ಕಾಲಿನ ಸಪ್ಪಳಕ್ಕ ಹಾಲ ಒಡೀತಾವ ಅಂದ್ರ, ಸಾವ್ಕಾರ್ರ, ನಮ್ಮ ಮನ್ಯಾಗ ಇಷ್ಟ ವರ್ಷ ಚಾ ಹೆಂಗ ಆಗಾಕತ್ತೈತಿ?"

"ಸಿಟ್ಟಾಗಬ್ಯಾಡೋ ಮಾರಾಯಾ. ಇನ್ನೊಮ್ಮೆ ಮ್ಯಾಲಿಟ್ಟ ನೋಡೂಣು."

ಎರಡನೇ ಸಲ ಎಲ್ಲಕ್ಕೂ ಹತ್ತಿ. ಜಾಗ ಮೇಲಿನ ಅಂತಸ್ತು, ಯಾರೂ ಕಾಲಿಡದ ಕಡೆ. ಕೊಳವೆಗಳು ಈಗ ಕಾಯಿಲ್‌ನ ಮಗ್ಗುಲಲ್ಲೇ ಬಂದವು. ಮೂರನೇ ದಿನಕ್ಕೆ ಅವಳು ರೈಲಿನಿಂದಿಳಿದು ನೋಡಲು ಬಂದಾಗ ಎಲ್ಲವೂ, ಒಂದೂ ಬಿಡದೆ, ಒಡೆದ ಹಾಲು.

ಅವಳು ಅಳಲಿಲ್ಲ. ಕೊಳವೆಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. "ಪುಡಿ ಇನ್ನ ಆರ ಟ್ಯೂಬಿಗೆ ಆಗೂ ಅಷ್ಟ ಐತ್ರಿ. ನಮ್ಮ ಸರ್ ಸೋಮವಾರ ಬಾ ಅಂದಾರ. ವಿಷಯ ಬದಲಿ ಮಾಡೂ ಅರ್ಜಿಗೆ ಸಹಿ ಮಾಡತೇನಿ. ನನ್ನ ಸರದಾಗ ದೋಷ ಐತಿ." ಆ ದಿನ ಶುಕ್ರವಾರ.

ಅವಳು ಹೋದ ಮೇಲೆ ರಿಜಿಸ್ಟರ್ ತರಿಸಿದೆ. ದಯೆಯಿಂದಲ್ಲ, ಲಾಟು ಹೊರಹೋಗುವಾಗ ಅದರ ಸ್ಥಿತಿ ಬರೆದು ಸಾಲು ಮುಗಿಸುವುದು ನಮ್ಮ ಪದ್ಧತಿ. ಮೆಣಸಿನಕಾಯಿ ಆದರೆ ಬಣ್ಣ, ತೇವ. ಕಾಯಿಲ್ ಕೆಳಗಿನ ಚೀಲ ಹನಿಗೆ ನೆನೆದಿತ್ತೋ, ಬಾಗಿಲ ಬಳಿಯದು ಒಣಗಿತ್ತೋ ಎಂದು ಜಾಗದ ಮುಂದೆಯೇ ಬರೆದಿಟ್ಟರೆ ಮುಂದಿನ ವರ್ಷ ಥಪ್ಪಿ ಹಾಕಲು ಬುದ್ಧಿ ಬರುತ್ತದೆ. ಗುಮಾಸ್ತ ಕೊಳವೆಗಳಿಗೂ ನಿಷ್ಠೆಯಿಂದ ಬರೆದಿದ್ದ: ಒಡೆದಿದೆ, ನೀರು, ಗಟ್ಟಿ.

ಓದುತ್ತ ಹೋದೆ. ರಬ್ಬರ್ ಹಾಕಿದವು ಯಾವ ಸಂದಿಯಲ್ಲಿದ್ದರೂ ನೀರು. ಹತ್ತಿ ಹಾಕಿದವುಗಳಲ್ಲಿ, ಕಾಯಿಲ್ ಕೆಳಗಿನ ಎರಡು ಒಡೆದಿವೆ. ಕಂಬದ ಪಕ್ಕದ ಎರಡು ಒಡೆದಿವೆ. ಹೊರಗಾಳಿ ಬರುವ ಬಾಗಿಲ ಬಳಿಯ ಎರಡು ನೀರು. ಹಿಂಗೋಡೆಯ ಎರಡು, ಆ ಚಂದದ ಎರಡು, ಗಟ್ಟಿ. ಮೇಲಿನ ಅಂತಸ್ತಿನಲ್ಲಿ ಕಾಯಿಲ್‌ನ ಮಗ್ಗುಲಲ್ಲಿದ್ದವೆಲ್ಲ ಒಡೆದಿವೆ. ಅವಳ ಬಳಿ ನಂಬರ್ ಇತ್ತು, ಜಾಗ ಇರಲಿಲ್ಲ. ಎಲ್ಲವೂ ಒಂದೇ ಬುಟ್ಟಿಯಲ್ಲಿ ಹೊರಬಂದಿದ್ದವು. ನಾನು ಜುಗ್ಗತನ ಮಾಡಿ ನಾಲ್ಕು ಸಂದಿಗೆ ಹಂಚಿರದಿದ್ದರೆ ನನಗೂ ಏನೂ ಕಾಣುತ್ತಿರಲಿಲ್ಲ.

ಕಾಯಿಲ್‌ನಿಂದ ಹನಿ ಬೀಳುತ್ತದೆ, ಸರಿ. ಆದರೆ ಕಂಬದ ಪಕ್ಕ ಹನಿಯಿಲ್ಲ. ಅಲ್ಲಿರುವುದು ಕಾಯಿಲ್‌ಗೆ ಹೋಗುವ ಪೈಪಿನ ವಾಲ್ವ್. ಕೋಟು ಹಾಕಿಕೊಂಡು ಒಳಗೆ ಹೋದೆ. ಕಂಬದ ಬಳಿ ನಿಂತ ಕೂಡಲೇ ಕಣ್ಣಲ್ಲಿ ನೀರು ಬಂತು, ಕೆಮ್ಮು ಬಂತು. ಮೆಣಸಿನಕಾಯಿಯ ಘಾಟು ಎಂದು ಎಂದಿನಂತೆ ಅಂದುಕೊಂಡೆ. ಒಂದು ಚೀಲದ ಬಾಯಿ ಬಿಚ್ಚಿ ನೋಡಿದೆ. ಸುಕ್ಕುಸುಕ್ಕಾದ, ಕಡುಗೆಂಪು, ನಮ್ಮೂರ ಮಾಲು. ಬ್ಯಾಡಗಿ ಕಾಯಿ ಮಾರುವುದು ಬಣ್ಣಕ್ಕೆ, ಖಾರ ಕಡಿಮೆ. ಅದರಲ್ಲೂ ಬಾಯಿ ಹೊಲಿದ ಚೀಲ, ಆರು ಡಿಗ್ರಿ ತಂಪು. ಖಾರದ ಆಂಧ್ರ ಮಾಲು ಇದ್ದದ್ದು ಮೂರನೇ ಚೇಂಬರಿನಲ್ಲಿ. ಹಾಗಾದರೆ ನನ್ನ ಕಣ್ಣು ಉರಿಯುತ್ತಿದ್ದುದು ಯಾತಕ್ಕೆ?

ಪ್ಲಾಂಟಿನ ಆಪರೇಟರನನ್ನು ಕರೆದೆ. "ಗಂಧಕದ ಕಡ್ಡಿ ತೊಗೊಂಡ ಬಾ."

ಅವನ ಮುಖ ಸಣ್ಣದಾಯಿತು. ಗಂಧಕ ಮೆತ್ತಿದ ಕಡ್ಡಿಯನ್ನು ಹೊತ್ತಿಸಿ ಪೈಪಿನ ಗುಂಟ ಹಿಡಿದರೆ ಅಮೋನಿಯಾ ಸೋರುವ ಕಡೆ ದಟ್ಟ ಬಿಳಿ ಹೊಗೆ ಏಳುತ್ತದೆ. ವಾಲ್ವ್‌ನ ಕುತ್ತಿಗೆಗೆ ತರುವಷ್ಟರಲ್ಲಿ ಎದ್ದಿತು.

"ಯಾವಾಗಿಂದ?"

"ಯುಗಾದಿ ಮುಂದ ಶುರು ಆತ್ರಿ ಮಾಲಕ್ರ. ಸಣ್ಣದ ಐತ್ರಿ. ದಿನಾ ಒಂದೀಟ ಬಿಗಿ ಮಾಡ್ತೇನಿ. ಒಳಗ ಬಂದೋರೆಲ್ಲಾ ಏನ್ ಘಾಟಪಾ ಅಂತಾರ, ಕಣ್ಣ ಒರಸ್ಕೋತಾರ. ನೀವೂ ಅಂದ್ರಿ. ನಾ ಸುಮ್ಮಕಾದೆ."

ಅವನನ್ನು ಏನನ್ನಲಿ? ಬೇರೆ ಊರಿನ ಆಲೂಗಡ್ಡೆ ಸ್ಟೋರೇಜಿನಲ್ಲಿ ಇದು ಒಂದೇ ದಿನದಲ್ಲಿ ಪತ್ತೆಯಾಗುತ್ತಿತ್ತು. ನಮ್ಮಲ್ಲಿ ಎರಡು ತಿಂಗಳು ಎಲ್ಲರೂ ಅತ್ತೆವು, ಎಲ್ಲರೂ ಮೆಣಸಿನಕಾಯಿಯನ್ನು ಹೊಗಳಿದೆವು. ಹೊರಗಿನ ಗಿರಾಕಿ ಬಂದು ಕೆಮ್ಮಿದರೆ ನಾನೇ ಹೆಮ್ಮೆಯಿಂದ, "ನಮ್ಮ ಮಾಲಿನ ತಾಕತ್ತು ನೋಡ್ರಿ," ಎಂದದ್ದುಂಟು.

ಈಗ ಪೂರ್ತಿ ಅರ್ಥವಾಯಿತು. ಅಮೋನಿಯಾ ಹುಳಿಯನ್ನು ಕೊಲ್ಲುತ್ತದೆ, ಇಷ್ಟು ಪ್ಲಾಂಟ್ ನಡೆಸುವವನಿಗೆ ಗೊತ್ತು. ವಾಲ್ವಿನ ಬಳಿ ನೇರವಾಗಿ, ಉಳಿದ ಕಡೆ ಮೇಲೆದ್ದು ಕಾಯಿಲ್‌ನ ತಂಪು ಗಾಳಿಯೊಡನೆ, ಹತ್ತಿಯೊಳಗಿಂದ ಅದು ಕೊಳವೆಗೆ ಇಳಿದಿತ್ತು. ಅವಳ ಸರದಲ್ಲಿ ದೋಷವಿರಲಿಲ್ಲ. ದೋಷ ನನ್ನ ವಾಲ್ವಿನಲ್ಲಿತ್ತು.

ಆ ಶನಿವಾರವಿಡೀ ನಾನು ನನ್ನೊಡನೆಯೇ ಚೌಕಾಸಿ ಮಾಡಿದೆ. ವಾಲ್ವನ್ನು ಸದ್ದಿಲ್ಲದೆ ಸರಿ ಮಾಡಿಸಿದರೆ ಯಾರಿಗೂ ತಿಳಿಯದು. ಅವಳಿಗೆ ಹೇಳಿದರೆ ಮಾಸ್ತರಿಗೆ ತಿಳಿಯುತ್ತದೆ. ಅರ್ಧ ರಾಣೆಬೆನ್ನೂರು ಅವರ ಕೈಯಲ್ಲಿ ಕಲಿತದ್ದು. ಅಮೋನಿಯಾ ತಾಗಿದರೆ ಕಾಯಿಯ ಬಣ್ಣ ಕಪ್ಪಿಡುತ್ತದೆ ಎಂಬ ಭಯ ಪ್ರತಿ ವ್ಯಾಪಾರಿಗೂ ಇದೆ. ಬಣ್ಣಕ್ಕೇ ಬದುಕುವ ಊರಿನಲ್ಲಿ ಆ ಸುದ್ದಿ ಹರಡಿದರೆ ನನ್ನ ಮೂರು ಚೇಂಬರೂ ಖಾಲಿ. ಇನ್ನೊಂದು ಕಡೆ ಆ ಹುಡುಗಿ ಸೋಮವಾರ ಸಹಿ ಹಾಕುತ್ತಾಳೆ, ತನ್ನ ಕೈಗೆ ತಾನೇ ಬೈದುಕೊಂಡು. ಮಾಲು ಕೆಟ್ಟದ್ದು ನನ್ನ ಜಾಗದಲ್ಲಿ. ಬಾಡಿಗೆ ಐದು ಚೀಲಕ್ಕೆ ತೆಗೆದುಕೊಂಡಿದ್ದೇನೆ.

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಮೋಟೆಬೆನ್ನೂರಿನ ತನಕ ಹೋಗಿ, ಹೆದ್ದಾರಿಯಲ್ಲಿ ಇನ್ನೊಂದು ಬಸ್ ಹಿಡಿದು ರಾಣೆಬೆನ್ನೂರಿಗೆ ಹೋದೆ. ಮಾಸ್ತರು ಚಹಾ ತರಿಸಿದರು. ಚಹಾ ಮುಟ್ಟುವ ಮೊದಲೇ ಎಲ್ಲ ಹೇಳಿದೆ, ಯುಗಾದಿಯಿಂದ ಹಿಡಿದು.

ಹುಡುಗಿ ಬೈಯುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ಎದ್ದು ಒಳಗೆ ಹೋದಳು. ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಎರಡೂ ಸಲದ ಕೊಳವೆಗಳನ್ನೂ ಹುಳಿ ಅಳೆಯುವ ಬಣ್ಣದ ಕಾಗದದ ಪಟ್ಟಿಗಳನ್ನೂ ತಂದು ನೆಲದ ಮೇಲೆ ಕುಳಿತಳು. ರಬ್ಬರಿನವು: ಇನ್ನೂ ಹುಳಿ. ಒಡೆದವು: ಹುಳಿ ಸತ್ತು ಕ್ಷಾರದ ಕಡೆ ದಾಟಿದ್ದವು. ಹಿಂಗೋಡೆಯ ಎರಡು: ಸರಿಯಾಗಿ ನಡುವೆ.

"ಇಟ್ಟ ಮ್ಯಾಲ ಮತ್ತ ಅಳಿಯೂದು ನನಗ ಹೊಳೀಲೇ ಇಲ್ಲ," ಎಂದಳು. "ಗಾಳಿಯೊಳಗಿಂದ ಏನರ ಬಂದ ಕೂಡತೈತಿ ಅಂತ ಯಾರ ಅನ್ಕೋತಾರ? ನಾ ಅರ್ಧಾ ಹುಳಿ ಕಳದ್ದೂ ಸಾಕಾಗಿದ್ದಿಲ್ಲ. ಪೂರಾ ಕಳೀಬೇಕಿತ್ತು, ಆದ್ರ ಉಸಿರಿನಷ್ಟ ಸಾವಕಾಶ. ಹಿಂದಿನ ಗ್ವಾಡಿ ಹತ್ರ ಅದ ಆಗೇತಿ." ಆಮೇಲೆ ತಲೆಯೆತ್ತಿದಳು. ಅಂದಿನವರೆಗೆ ಸಾವ್ಕಾರ್ರ ಎನ್ನುತ್ತಿದ್ದವಳು, "ಕಾಕಾ, ಒಂದ ಉಪಕಾರ ಮಾಡ್ರಿ. ಆ ವಾಲ್ವ್ ಇನ್ನೂ ಹದಿನೈದ ದಿನ ರಿಪೇರಿ ಮಾಡಿಸಬ್ಯಾಡ್ರಿ," ಎಂದಳು.

ಮಾಸ್ತರು ಚಹಾದ ಬಸಿ ಕೆಳಗಿಟ್ಟು ಜೋರಾಗಿ ನಕ್ಕರು. "ನೋಡ್ರಿ, ನಿಮ್ಮ ಸೋರುವ ವಾಲ್ವಿಗೂ ಗಿರಾಕಿ ಬಂತು."

"ಇಲ್ಲವಾ," ಅಂದೆ. "ಅಲ್ಲಿ ನನ್ನ ಹಮಾಲರು ಉಸಿರಾಡ್ತಾರ. ಒಂದ ದಿನಾನೂ ಬಿಡೂದಿಲ್ಲ. ನಿನಗ ಎಷ್ಟ ಅಮೋನಿಯಾ ಬೇಕೋ ಬಾಟ್ಲ್ಯಾಗ ಕೊಡತೇನಿ, ನಿನ್ನ ಗಾಳಿ ನೀನ ಮಾಡ್ಕೋ."

ಅವಳು ತಾಯಿಯನ್ನು ಕೂಗಿ, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ಎಷ್ಟಿವೆ ಎಂದು ಕೇಳಿದಳು.

ಸೋಮವಾರ ಅವಳು ಧಾರವಾಡಕ್ಕೆ ಹೋಗಿ, ಸಹಿ ಹಾಕದೆ, ಆ ಬಣ್ಣದ ಪಟ್ಟಿಗಳನ್ನು ತೋರಿಸಿ ಸೂಕ್ಷ್ಮದರ್ಶಕದ ದಿನದವರೆಗಿನ ಹಳೆಯ ಗಡುವನ್ನೇ ಉಳಿಸಿಕೊಂಡು ಬಂದಳು. ಅದೇ ಸೋಮವಾರ ನಾನು ಎರಡನೇ ಚೇಂಬರಿನಲ್ಲಿ ಮಾಲಿಟ್ಟ ಪ್ರತಿಯೊಬ್ಬ ವ್ಯಾಪಾರಿಗೂ ಖುದ್ದು ಹೇಳಿಬಂದೆ. ಇಬ್ಬರು ಚೀಲ ಎತ್ತಿಕೊಂಡರು. ಒಬ್ಬ ಹಿರಿಯ ವ್ಯಾಪಾರಿ ತನ್ನ ಚೀಲ ಬಿಚ್ಚಿ, ಬಣ್ಣ ನೋಡಿ, "ಉಳಿದ ಸ್ಟೋರೇಜಿನವರು ಹೇಳೂದಿಲ್ಲ, ನೀ ಹೇಳಿದಿ. ಇರಲಿ ಬಿಡು," ಎಂದ. ಉಳಿದವರು ಅವನನ್ನು ನೋಡಿ ನಿಂತರು.

ರಿಪೇರಿ ಹೇಳಿದಷ್ಟು ಸುಲಭವಿರಲಿಲ್ಲ. ದ್ರವ ಬರುವ ದಾರಿ ಮುಚ್ಚಿ, ಕಂಪ್ರೆಸರ್ ಓಡಿಸಿ, ಪೈಪಿನಲ್ಲಿದ್ದ ಅಮೋನಿಯಾವನ್ನೆಲ್ಲ ಟಾಕಿಗೆ ಎಳೆದುಕೊಂಡೆವು. ಮುಖಕ್ಕೆ ನೀರಲ್ಲಿ ನೆನೆಸಿದ ಬಟ್ಟೆ ಕಟ್ಟಿಕೊಂಡು ಆಪರೇಟರ್ ವಾಲ್ವ್ ಬಿಚ್ಚಿದ. ಹೊಸ ಪ್ಯಾಕಿಂಗ್ ತುಂಬಿದರೆ ಮುಗಿಯುತ್ತದೆ ಎಂದುಕೊಂಡಿದ್ದೆವು. ಒಳಗಿನ ದಂಡವೇ ತುಕ್ಕು ತಿಂದು ಕುಳಿ ಬಿದ್ದಿತ್ತು. ಹುಬ್ಬಳ್ಳಿಯಿಂದ ವಾಲ್ವ್ ಬರುವಷ್ಟರಲ್ಲಿ ಚೇಂಬರು ಆರರಿಂದ ಹನ್ನೊಂದು ಡಿಗ್ರಿಗೆ ಏರಿತ್ತು. ಐದನೇ ದಿನ ಮತ್ತೆ ಗಂಧಕದ ಕಡ್ಡಿ ಹಿಡಿದೆವು. ಹೊಗೆ ಏಳಲಿಲ್ಲ. ಒಳಗೆ ನಿಂತು ಉಸಿರೆಳೆದರೆ ಮೆಣಸಿನಕಾಯಿಯ ಸಿಹಿಯಾದ ವಾಸನೆ. ಎರಡು ತಿಂಗಳಿಂದ ಅದನ್ನೇ ಮರೆತಿದ್ದೆವು.

ಕೊನೆಯ ಪುಡಿಯಲ್ಲಿ ಆರು ಕೊಳವೆ. ಮೂರು ಸ್ಟೀಲ್ ಡಬ್ಬಿ, ಒಂದೊಂದರಲ್ಲಿ ಹತ್ತಿ ಹಾಕಿದ ಎರಡು ಕೊಳವೆ, ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲು. ಬಟ್ಟಲಿನಲ್ಲಿ ಅಮೋನಿಯಾ ಬೆರೆಸಿದ ನೀರು: ಒಂದರಲ್ಲಿ ಬಹಳ ತೆಳು, ಒಂದರಲ್ಲಿ ಮಧ್ಯಮ, ಒಂದರಲ್ಲಿ ಜೋರು. ಮೂರೂ ಡಬ್ಬಿ ಹಿಂಗೋಡೆಯ ಸಂದಿಯಲ್ಲಿ, ಅಕ್ಕಪಕ್ಕ. ಈ ಸಲ ಸ್ಥಳವನ್ನು ಅವಳೇ ತನ್ನ ನೋಟ್‌ಬುಕ್ಕಿನಲ್ಲೂ ಬರೆದುಕೊಂಡಳು. ಬಾಡಿಗೆ ಕೇಳಿದೆಯಾ ಎಂದು ಕೇಳಬೇಡಿ, ಕೇಳಲಿಲ್ಲ. ಆದರೆ ರಿಜಿಸ್ಟರಿನಲ್ಲಿ ಸಾಲು ಬರೆಸಿದೆ.

ಹದಿನೈದನೇ ದಿನ ಡಬ್ಬಿ ತೆಗೆದೆವು. ಮಾಸ್ತರು, ಆಪರೇಟರ್, ಹಮಾಲರ ಸರದಾರ, ಎಲ್ಲ ಮೇಜಿನ ಸುತ್ತ. ಜೋರಿನ ಡಬ್ಬಿಯದು ಒಡೆದ ಹಾಲು. ತೆಳುವಿನದು ಇನ್ನೂ ನೀರು. ಮಧ್ಯಮದ್ದನ್ನು ಎತ್ತಿ ಬೆಳಕಿಗೆ ಹಿಡಿದಳು. ತಿಳಿಯಾಗಿತ್ತು; ನೀರೋ ಗಂಜಿಯೋ ಗೊತ್ತಾಗಲಿಲ್ಲ. ಹತ್ತಿ ತೆಗೆದು ಸರದಾರನ ಕೈಗೆ ಕೊಟ್ಟಳು.

"ಬೋರಲ ಹಾಕ್ರಿ ಅಣ್ಣಾ."

"ನನ್ನ ಕೈಲೆ ಬ್ಯಾಡ್ರಿ ಅಕ್ಕೋರ. ಮತ್ತ ನನ್ನ ಮ್ಯಾಲ ಬರತೈತಿ."

"ಹಾಕ್ರಿ ಅಂದ್ರ ಹಾಕ್ರಿ."

ಅವನು ಕಣ್ಣು ಕಿರಿದು ಮಾಡಿಕೊಂಡು ಕೊಳವೆಯನ್ನು ತಲೆಕೆಳಗು ಮಾಡಿದ. ಏನೂ ಬೀಳಲಿಲ್ಲ. ಮೆಲ್ಲಗೆ ಅಲ್ಲಾಡಿಸಿದ. ಒಳಗಿನದು ನಡುಗಿತು, ಇಳಿಯಲಿಲ್ಲ. "ಬೀಳವಲ್ದಲ್ರಿ ಇದು," ಎಂದು ನನ್ನ ಕಡೆ ನೋಡಿದ, ಮಾಲು ತೂಗಿಸಿ ಗೆದ್ದವನಂತೆ. ಜೊತೆಯ ಕೊಳವೆಯೂ ಹಾಗೆಯೇ. ಇಡೀ ಕೊಳವೆಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಬರೀ ನೀರು ಎಂದು ಅವಳು ಹೇಳಿದಾಗ ಅವನು ನಂಬಲಿಲ್ಲ. ನಾನು ನಂಬಿದೆ, ಯಾಕೆಂದರೆ ಪುಡಿಯನ್ನು ನೋಡಿದ್ದೆ.

ತೆಳುವಿನ ಡಬ್ಬಿಯ ಎರಡನ್ನು ಮತ್ತೆ ಒಳಗಿಟ್ಟೆವು. ಐದು ದಿನ ತಡವಾಗಿ ಅವೂ ಕಟ್ಟಿದವು, ಇನ್ನೂ ತಿಳಿಯಾಗಿ. ನಾಲ್ಕು ಕೊಳವೆಗಳನ್ನು ಬಾಯಗಲದ ಥರ್ಮಾಸಿನಲ್ಲಿಟ್ಟುಕೊಂಡು ಅವಳು ಬ್ಯಾಡಗಿ ಸ್ಟೇಷನ್ನಿನಿಂದ ಬೆಂಗಳೂರಿನ ರೈಲು ಹತ್ತಿದಳು. ವಾರದ ಮೇಲೆ ಒಂದು ಫೋಟೊ ತಂದು ತೋರಿಸಿದಳು: ಬೂದು ಬಣ್ಣದ ಮೇಲೆ ಉದ್ದುದ್ದ ಎಳೆಗಳು, ಒಂದರೊಳಗೊಂದು ಹೆಣೆದು, ಎಲ್ಲವೂ ಒಂದೇ ಅಗಲ. ಮಾರ್ಗದರ್ಶಕರು ವಿಷಯ ಬದಲಿಸುವ ಅರ್ಜಿಯನ್ನು ಅವಳೆದುರೇ ಹರಿದರಂತೆ. ಮರುವರ್ಷ ಪ್ರಬಂಧ ಒಪ್ಪಿಸಿದಳು. ಹೆಪ್ಪು ಕಟ್ಟಿಸುವ ವಿಧಾನದ ಅಧ್ಯಾಯದಲ್ಲಿ ಅಮೋನಿಯಾದ ಆವಿ, ಮುಚ್ಚಿದ ಸ್ಟೀಲ್ ಡಬ್ಬಿ, ಆರು ಡಿಗ್ರಿ ಎಂದೆಲ್ಲ ಇದೆ. ವಾಲ್ವಿನ ಮಾತು ಇಲ್ಲ. ಬರೆಯಬೇಡ ಎಂದು ನಾನೇನೂ ಕೇಳಿರಲಿಲ್ಲ.

ಈಗ ನಿಮಗೆ ನಾಲ್ಕು ಮಾತು. ಸ್ಟೋರೇಜು ನಡೆಸುವವರಾದರೆ ವಾರಕ್ಕೊಮ್ಮೆ ಗಂಧಕದ ಕಡ್ಡಿಯನ್ನು ನೀವೇ ಹಿಡಿಯಿರಿ, ಆಪರೇಟರಿಗೆ ಬಿಡಬೇಡಿ. ಅವನು ಹೇಳಲು ಹೆದರುವಂತೆ ನಡೆದುಕೊಂಡಿದ್ದರೆ ಅದೂ ನಿಮ್ಮದೇ ತಪ್ಪು. ಬೇರೆಯವರಲ್ಲಿ ಮಾಲು ಇಡುವವರಾದರೆ ಏನಿಟ್ಟಿರಿ ಎಂಬುದರ ಜೊತೆಗೆ ಎಲ್ಲಿಟ್ಟಿರಿ ಎಂಬುದನ್ನೂ ನಿಮ್ಮ ಪುಸ್ತಕದಲ್ಲೇ ಬರೆದುಕೊಳ್ಳಿ. ಕಣ್ಣು ಉರಿಯಲು ಊರವರೆಲ್ಲ ಒಂದೇ ಕಾರಣ ಹೇಳಿದರೆ ಒಂದು ಚೀಲವನ್ನಾದರೂ ಬಿಚ್ಚಿ ನೋಡಿ. ದರದಲ್ಲಿ ಎಷ್ಟು ಬೇಕಾದರೂ ಎಳೆದಾಡಿ, ನಾನು ಈಗಲೂ ಎಳೆದಾಡುತ್ತೇನೆ. ಆದರೆ ನಿಮ್ಮ ಕಡೆಯಿಂದ ಇನ್ನೊಬ್ಬರ ಮಾಲು ಕೆಟ್ಟಿದೆ ಎಂದು ತಿಳಿದ ದಿನ ಮೊದಲ ಬಸ್ಸಿಗೇ ಹೋಗಿ ಹೇಳಿಬಿಡಿ. ಎರಡನೇ ಬಸ್ಸು ಬರುವಷ್ಟರಲ್ಲಿ, ಹೇಳದೆ ಇರಲು ಮನಸ್ಸು ಹತ್ತು ಒಳ್ಳೆಯ ಕಾರಣ ಹುಡುಕಿಟ್ಟಿರುತ್ತದೆ.